ಬೆಲ್ಲದ ಬಣ್ಣ, ಕಣ್ಣಿಗೆ ಕಾಣದ ಬೆಳಕು

ಮಂಡ್ಯ ಸೀಮೆಯ ಬೆಲ್ಲದ ಪೇಟೆಯಲ್ಲಿ ದರ ಕಟ್ಟುವುದು ಕಣ್ಣು. ಅಚ್ಚು, ಕುರಿಕಾಟು, ಬಕೆಟ್ ಎಂಬ ವಿಂಗಡಣೆ ಆಕಾರವನ್ನು ನೋಡಿ ಆದದ್ದು. ಒಂದೇ ಆಕಾರದ ಎರಡು ರಾಶಿಗಳ ನಡುವೆ ದರದ ಅಂತರ ಹುಟ್ಟುವುದು ಬಣ್ಣದಿಂದ. ಹೊಂಬಣ್ಣದ ಬೆಲ್ಲಕ್ಕೆ ಹರಾಜಿನಲ್ಲಿ ಕೂಗು ಏರುತ್ತದೆ, ಕಂದು ಬೆಲ್ಲ ಮೂಲೆಗೆ ಸರಿಯುತ್ತದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ ಕಡೆಯ ಆಲೆಮನೆಯವರಿಗೆ ಇದು ಚೆನ್ನಾಗಿ ಗೊತ್ತಿರುವ ಸಂಗತಿ. ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲಿಗೆ ಸುಣ್ಣ, ಬೆಂಡೆಗಿಡದ ಲೋಳೆ ಹಾಕಿ ಮಡ್ಡಿ ತೆಗೆಯುವ ಹಳೆಯ ಪದ್ಧತಿಯ ಜೊತೆಗೆ ಬಿಳುಪು ಕೊಡುವ ರಾಸಾಯನಿಕ ಹೈಡ್ರೋಸ್ ಬಂದು ಸೇರಿದ್ದು, ಕೆಲವು ಕಡೆ ಬಣ್ಣದ ಪುಡಿಯೂ ಸಕ್ಕರೆಯೂ ಬೆರೆತದ್ದು ಈ ಕಾರಣಕ್ಕೇ. ಕೊಳ್ಳುವವನ ಕಣ್ಣು ಏನನ್ನು ಮೆಚ್ಚುತ್ತದೋ ಅದನ್ನು ಒದಗಿಸುವ ಕಲೆ ಮಾರುವವನಿಗೆ ಬಂದೇ ಬರುತ್ತದೆ. ಹಾಗಾದರೆ ಬೆಲ್ಲದಲ್ಲಿ ಏನಿದೆ, ಏನಿಲ್ಲ ಎಂಬುದನ್ನು ಕಣ್ಣಿಗಿಂತ ನಂಬಿಕಸ್ಥವಾದ ಸಾಕ್ಷಿಯಿಂದ ತಿಳಿಯಲು ಸಾಧ್ಯವೇ? ಸಾಧ್ಯ. ಆ ಸಾಕ್ಷಿ ಕೂಡ ಬೆಳಕೇ, ಕಣ್ಣಿನ ಗಡಿಯ ಎರಡೂ ಬದಿಗೆ ಇರುವ ಬೆಳಕು. ಆದರೆ ಅದು ಹೇಗೆ ಸಾಕ್ಷಿ ನುಡಿಯುತ್ತದೆ, ಎಲ್ಲಿ ಮೌನವಾಗುತ್ತದೆ ಎಂಬುದನ್ನು ಅರಿಯದೆ ಯಂತ್ರವನ್ನು ನಂಬಿದರೆ, ಒಂದು ಕುರುಡು ನಂಬಿಕೆಯ ಜಾಗದಲ್ಲಿ ಇನ್ನೊಂದು ಬಂದು ಕೂರುತ್ತದೆ.

ಈ ಪ್ರಶ್ನೆ ಕೇಳಲು ಗಂಜಾಂ ಸುತ್ತಲಿನ ನೆಲಕ್ಕಿಂತ ತಕ್ಕ ಜಾಗ ಸಿಗುವುದು ಕಷ್ಟ. ಟಿಪ್ಪು ಶಿರಾದಿಂದ 12,000 ಕುಟುಂಬಗಳನ್ನು ಕರೆತಂದು ಶ್ರೀರಂಗಪಟ್ಟಣದ ದ್ವೀಪದಲ್ಲಿ ಶಹರ್ ಗಂಜಾಂ ಕಟ್ಟಿಸಿದನೆಂದು ಹಳೆಯ ಮೈಸೂರು ಗೆಜೆಟಿಯರ್ ಹೇಳುತ್ತದೆ. ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಈ ಸೀಮೆಯಲ್ಲಿ ಸುತ್ತಾಡಿ ಕಬ್ಬಿನ ತಳಿಗಳನ್ನೂ ಬೆಲ್ಲ ಮಾಡುವ ಬಗೆಯನ್ನೂ ಬರೆದಿಟ್ಟ. 1847ರಲ್ಲಿ, ಗಂಜಾಂಗೆ ಕೆಲವೇ ಮೈಲಿ ದೂರದ ಪಾಲಹಳ್ಳಿಯಲ್ಲಿ, ರೈತರು ಮಾಡಿದ ಬೆಲ್ಲವನ್ನು ಕೊಂಡು ಶುದ್ಧೀಕರಿಸಿ ಸಕ್ಕರೆ ಮಾಡುವ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ಶುರುವಾಯಿತು. ಮುಂದೆ ಕನ್ನಂಬಾಡಿ ಕಟ್ಟೆ, ವಿಶ್ವೇಶ್ವರಯ್ಯ ನಾಲೆ, 1933ರಲ್ಲಿ ಮಂಡ್ಯದ ಮೈಸೂರು ಸಕ್ಕರೆ ಕಂಪನಿ ಬಂದು ಕಬ್ಬು ಈ ಜಿಲ್ಲೆಯ ಬದುಕೇ ಆಯಿತು. ಇಂದು ಕೇಂದ್ರ ಸರ್ಕಾರದ ‘ಒಂದು ಜಿಲ್ಲೆ ಒಂದು ಉತ್ಪನ್ನ’ ಪಟ್ಟಿಯಲ್ಲಿ ಮಂಡ್ಯದ ಹೆಸರಿನ ಮುಂದೆ ಇರುವುದು ಬೆಲ್ಲ. ಬುಕಾನನ್ ಇಲ್ಲಿ ಕಬ್ಬನ್ನು ಗುರುತು ಹಾಕಿಕೊಳ್ಳುತ್ತಿದ್ದ ಅದೇ 1800ರಲ್ಲಿ ಇಂಗ್ಲೆಂಡಿನಲ್ಲಿ ವಿಲಿಯಂ ಹರ್ಷೆಲ್ ಪಟ್ಟಕದಿಂದ ಹರಡಿದ ಬಣ್ಣಗಳ ಪಕ್ಕದಲ್ಲಿ, ಕೆಂಪಿನಿಂದ ಆಚೆ, ಏನೂ ಕಾಣದ ಜಾಗದಲ್ಲಿ ಉಷ್ಣಮಾಪಕ ಇಟ್ಟು ಅಲ್ಲಿ ಕಾವು ಏರುವುದನ್ನು ಕಂಡ. ಮರುವರ್ಷ ಜರ್ಮನಿಯ ಯೊಹಾನ್ ರಿಟ್ಟರ್ ನೇರಳೆಯಿಂದ ಆಚೆಯ ಕತ್ತಲಲ್ಲಿ ಬೆಳ್ಳಿಯ ಲವಣ ಕಪ್ಪಾಗುವುದನ್ನು ತೋರಿಸಿದ. ಅವಕೆಂಪು ಮತ್ತು ನೇರಳಾತೀತ ಬೆಳಕುಗಳು ಮನುಷ್ಯನ ಲೆಕ್ಕಕ್ಕೆ ಸಿಕ್ಕಿದ್ದು ಹೀಗೆ.

ಕಣ್ಣು ನೋಡಬಲ್ಲದ್ದು ಸುಮಾರು 400ರಿಂದ 700 ನ್ಯಾನೋಮೀಟರ್ ತರಂಗದೂರದ ಸಣ್ಣ ಪಟ್ಟಿಯನ್ನು. ಅದರೊಳಗೂ ಅದು ಎಲ್ಲವನ್ನೂ ಬೆರೆಸಿ ಒಂದೇ ಅನಿಸಿಕೆ ಮಾಡಿಕೊಳ್ಳುತ್ತದೆ. ಈ ಹಳದಿ ಯಾವ ವಸ್ತುವಿನಿಂದ ಬಂತು ಎಂದು ಬಿಡಿಸಿ ಹೇಳಲಾರದು. ಬೆಲ್ಲದ ಮಟ್ಟಿಗೆ ಇದು ದೊಡ್ಡ ಕೊರತೆ, ಯಾಕೆಂದರೆ ಬೆಲ್ಲದ ತೂಕದ ಬಹುಪಾಲಾಗಿರುವ ಸುಕ್ರೋಸ್‌ಗೆ ಬಣ್ಣವೇ ಇಲ್ಲ. ಕಣ್ಣಿಗೆ ಕಾಣುವ ಕಂದು, ಹೊನ್ನು, ಕೆಂಪು ಎಲ್ಲವೂ ಅಲ್ಪ ಪ್ರಮಾಣದ ಬೇರೆ ವಸ್ತುಗಳದ್ದು: ಕಬ್ಬಿನ ಸಿಪ್ಪೆಯಿಂದ ಬಂದ ಫೀನಾಲಿಕ್ ಸಂಯುಕ್ತಗಳು, ಕುದಿಯುವಾಗ ಸಕ್ಕರೆಯೂ ಅಮೈನೋ ಆಮ್ಲಗಳೂ ಕೂಡಿ ಹುಟ್ಟುವ ಕಂದು ಪದಾರ್ಥಗಳು, ತಳ ಹಿಡಿದಾಗ ಆಗುವ ಕ್ಯಾರಮೆಲ್. ನೂರರಲ್ಲಿ ಒಂದೆರಡು ಪಾಲೂ ಇಲ್ಲದ ಇಂಥ ವಸ್ತುಗಳನ್ನು ನೋಡಿ ಇಡೀ ಅಚ್ಚಿಗೆ ಬೆಲೆ ಕಟ್ಟುತ್ತಿದ್ದೇವೆ. ಇನ್ನೂ ಬೇಸರದ ಮಾತೆಂದರೆ, ಬೆಲ್ಲಕ್ಕೆ ಸಕ್ಕರೆಗಿಂತ ಹೆಚ್ಚಿನ ಗುಣ ಕೊಡುವ ಫೀನಾಲಿಕ್‌ಗಳೇ ಅದನ್ನು ಕಪ್ಪಾಗಿಸುವವು; ಪೇಟೆ ದಂಡ ಹಾಕುತ್ತಿರುವುದು ಅವುಗಳಿಗೇ.

ಕಣ್ಣಿನ ಗಡಿಯಾಚೆ ಹೋದಾಗ ಬೆಳಕಿನ ಕೆಲಸ ಬದಲಾಗುತ್ತದೆ. ಅಣುವಿನೊಳಗಿನ ಬಂಧಗಳು ಸುಮ್ಮನಿರುವುದಿಲ್ಲ. ಹಿಗ್ಗುತ್ತ, ಕುಗ್ಗುತ್ತ, ಬಾಗುತ್ತ ಸದಾ ಕಂಪಿಸುತ್ತವೆ. ಉಯ್ಯಾಲೆಯನ್ನು ಅದರ ಲಯ ಹಿಡಿದು ತಳ್ಳಿದಾಗ ಮಾತ್ರ ಅದು ಮೇಲೇರುವ ಹಾಗೆ, ತನ್ನ ಕಂಪನದ ಲಯಕ್ಕೆ ಹೊಂದುವ ಅವಕೆಂಪು ಕಿರಣವನ್ನು ಮಾತ್ರ ಆ ಬಂಧ ಹೀರಿಕೊಳ್ಳುತ್ತದೆ. ಒಂದು ಸೆಂಟಿಮೀಟರಿನಲ್ಲಿ ಎಷ್ಟು ಅಲೆಗಳು ಹಿಡಿಸುತ್ತವೆ ಎಂಬ ತರಂಗಸಂಖ್ಯೆಯಲ್ಲಿ ಇದರ ಲೆಕ್ಕ. ಆಮ್ಲಜನಕ ಮತ್ತು ಜಲಜನಕದ ಬಂಧ 3300ರ ಸುತ್ತ ಅಗಲವಾದ ಪಟ್ಟಿ ಕೊಡುತ್ತದೆ. ಇಂಗಾಲ ಮತ್ತು ಆಮ್ಲಜನಕದ ಜೋಡಿಬಂಧ, ಅಂದರೆ ಕಾರ್ಬೊನಿಲ್ ಗುಂಪು, 1700ರ ಬಳಿ ಚೂಪಾದ, ಬಲವಾದ ಗೆರೆ ಕೊಡುತ್ತದೆ. ಅದೇ ಗುಂಪು ಎಸ್ಟರಿನಲ್ಲಿದ್ದರೆ 1740ರ ಕಡೆಗೆ ಏರುತ್ತದೆ, ಅಮೈಡಿನಲ್ಲಿದ್ದರೆ 1650ರ ಕಡೆಗೆ ಇಳಿಯುತ್ತದೆ. 1500ಕ್ಕಿಂತ ಕೆಳಗೆ ಗೆರೆಗಳ ದಟ್ಟಣೆ. ಅದನ್ನು ಅಣುವಿನ ಬೆರಳಚ್ಚು ಎಂದು ಕರೆಯುತ್ತಾರೆ. ಅಮೆರಿಕದ ವಿಲಿಯಂ ಕೊಬ್ಲೆಂಟ್ಜ್ 1905ರಲ್ಲಿ ಪ್ರಕಟಿಸಿದ ಅಳತೆಗಳಿಂದ ಈ ವಿದ್ಯೆಗೆ ಗಟ್ಟಿ ನೆಲೆ ಸಿಕ್ಕಿತು.

ನೇರಳಾತೀತ ಬೆಳಕಿನ ಶಕ್ತಿ ಹೆಚ್ಚು. ಅದು ಬಂಧವನ್ನು ಅಲುಗಿಸುವುದರಲ್ಲಿ ನಿಲ್ಲದೆ ಎಲೆಕ್ಟ್ರಾನನ್ನೇ ಮೇಲಿನ ಸ್ಥಿತಿಗೆ ಎತ್ತುತ್ತದೆ. ಒಂಟಿ ಜೋಡಿಬಂಧದ ಎಥಿಲೀನ್ ಹೀರುವುದು 170 ನ್ಯಾನೋಮೀಟರ್ ಆಸುಪಾಸಿನಲ್ಲಿ, ಸಾಮಾನ್ಯ ಉಪಕರಣದ ಕೈಗೆಟುಕದ ಜಾಗದಲ್ಲಿ. ಎರಡು ಜೋಡಿಬಂಧಗಳು ಒಂದು ಬಿಟ್ಟು ಒಂದರಂತೆ ಕೂತ ಬ್ಯುಟಡೈಯೀನ್ 217ಕ್ಕೆ ಬರುತ್ತದೆ. ಹೀಗೆ ಹನ್ನೊಂದು ಜೋಡಿಬಂಧಗಳು ಸರಪಳಿಯಾಗಿ ನಿಂತ ಬೀಟಾ ಕ್ಯಾರೊಟಿನ್ 450ರ ಬಳಿ ಹೀರಿ, ಕಣ್ಣಿಗೂ ಕಿತ್ತಳೆಯಾಗಿ ಕಾಣುತ್ತದೆ. ಸರಪಳಿ ಉದ್ದವಾದಷ್ಟೂ ಹೀರುವಿಕೆ ಕೆಂಪಿನ ಕಡೆಗೆ ಸರಿಯುತ್ತದೆ ಎಂಬ ಈ ಕ್ರಮವನ್ನು 1941ರಲ್ಲಿ ರಾಬರ್ಟ್ ವುಡ್‌ವರ್ಡ್ ಲೆಕ್ಕದ ನಿಯಮಗಳನ್ನಾಗಿ ಮಾಡಿದ; ಅದೇ ವರ್ಷ ಅಮೆರಿಕದ ಬೆಕ್‌ಮನ್ ಕಂಪನಿಯ ಡಿಯು ಉಪಕರಣ ಮಾರುಕಟ್ಟೆಗೆ ಬಂದು, ವಾರಗಳ ಕೆಲಸ ನಿಮಿಷಗಳಿಗೆ ಇಳಿಯಿತು. ಅವಕೆಂಪು ಬೆಳಕು ಅಣುವಿನಲ್ಲಿ ಯಾವ ಗುಂಪುಗಳಿವೆ ಎನ್ನುತ್ತದೆ, ನೇರಳಾತೀತ ಬೆಳಕು ಅವು ಹೇಗೆ ಸಾಲುಗೂಡಿವೆ ಎನ್ನುತ್ತದೆ.

ಇಲ್ಲಿಯವರೆಗಿನದು ಪಠ್ಯಪುಸ್ತಕದಲ್ಲೂ ಇದೆ. ಪಠ್ಯಪುಸ್ತಕಗಳು ಸಾಕಷ್ಟು ಒತ್ತಿ ಹೇಳದ ಸಂಗತಿ ಒಂದಿದೆ, ನನ್ನ ವಾದ ನಿಂತಿರುವುದು ಅದರ ಮೇಲೆ. ಈ ಎರಡು ಬೆಳಕುಗಳ ಮಾತಿನಲ್ಲಿ ‘ಇದೆ’ ಎಂಬುದಕ್ಕಿಂತ ‘ಇಲ್ಲ’ ಎಂಬುದಕ್ಕೆ ಬೆಲೆ ಹೆಚ್ಚು. 1715ರಲ್ಲಿ ಗೆರೆ ಕಂಡರೆ ಕಾರ್ಬೊನಿಲ್ ಇದೆ ಎಂದಷ್ಟೇ ಆಯಿತು. ಅಂಥ ಗುಂಪಿರುವ ಸಂಯುಕ್ತಗಳು ಲಕ್ಷಾಂತರ. ಆ ಪ್ರದೇಶ ಖಾಲಿಯಿದ್ದರೆ ಆ ಲಕ್ಷಾಂತರವೂ ಒಂದೇ ಏಟಿಗೆ ಪಟ್ಟಿಯಿಂದ ಹೊರಗೆ. ಸುಕ್ರೋಸನ್ನೇ ನೋಡೋಣ. ಅದರ ಅವಕೆಂಪು ರೋಹಿತದಲ್ಲಿ, ಅಂದರೆ ಯಾವ ಕಿರಣವನ್ನು ಎಷ್ಟು ಹೀರುತ್ತದೆಂದು ತೋರಿಸುವ ನಕ್ಷೆಯಲ್ಲಿ, 3300ರ ಸುತ್ತ ಹೈಡ್ರಾಕ್ಸಿಲ್‌ಗಳ ದೊಡ್ಡ ಪಟ್ಟಿ, 1150ರಿಂದ 950ರ ನಡುವೆ ಇಂಗಾಲ ಆಮ್ಲಜನಕದ ಒಂಟಿಬಂಧಗಳ ದಟ್ಟ ಗೆರೆಗಳು. 1700ರಲ್ಲಿ ಏನೂ ಇಲ್ಲ. ಗ್ಲೂಕೋಸ್ ಆಲ್ಡಿಹೈಡ್ ಎಂದು ಕಲಿತ ವಿದ್ಯಾರ್ಥಿ ಅದರ ರೋಹಿತದಲ್ಲೂ ಆ ಗೆರೆ ಕಾಣದೆ ಕಂಗಾಲಾಗುತ್ತಾನೆ. ಗ್ಲೂಕೋಸ್ ಅಣುಗಳು ಬಹುಪಾಲು ಉಂಗುರವಾಗಿ ಮುಚ್ಚಿಕೊಂಡಿರುತ್ತವೆ, ತೆರೆದ ಆಲ್ಡಿಹೈಡ್ ರೂಪದಲ್ಲಿರುವವು ಅತ್ಯಲ್ಪ ಎಂಬ ಸತ್ಯವನ್ನು ಹೇಳುತ್ತಿರುವುದು ಆ ಖಾಲಿ ಜಾಗವೇ. ನೇರಳಾತೀತದಲ್ಲಿ ಸುಕ್ರೋಸ್ 220 ನ್ಯಾನೋಮೀಟರಿನಿಂದ ಮೇಲೆ ಪೂರ್ತಿ ಪಾರದರ್ಶಕ. ಹಾಗಾಗಿ ಬೆಲ್ಲದ ದ್ರಾವಣ 280ರಲ್ಲೋ 325ರಲ್ಲೋ 420ರಲ್ಲೋ ಬೆಳಕು ಹೀರಿದರೆ ಅದು ಸಕ್ಕರೆಯದ್ದಲ್ಲ ಎಂದು ಖಚಿತವಾಗಿ ಹೇಳಬಹುದು. ಸಕ್ಕರೆಯ ಈ ಮೌನವೇ ಬೆಲ್ಲದಲ್ಲಿ ಬೆರೆತ ಬಣ್ಣವನ್ನು ಹುಡುಕಲು ಸಿಕ್ಕ ವರ.

ಪಕ್ಕದ ಮೈಸೂರಿನ ಗಂಧದೆಣ್ಣೆ ಈ ತರ್ಕಕ್ಕೆ ಇನ್ನೂ ಚೊಕ್ಕ ನಿದರ್ಶನ. ಸರ್ಕಾರಿ ಗಂಧದೆಣ್ಣೆ ಕಾರ್ಖಾನೆ ಅಲ್ಲಿ 1916ರಿಂದ ಇದೆ. ಅಪ್ಪಟ ಶ್ರೀಗಂಧದ ಎಣ್ಣೆಯಲ್ಲಿ ಆಲ್ಫಾ ಸ್ಯಾಂಟಲಾಲ್ 41ರಿಂದ 55 ಶೇಕಡಾ, ಬೀಟಾ ಸ್ಯಾಂಟಲಾಲ್ 16ರಿಂದ 24 ಶೇಕಡಾ ಇರಬೇಕೆಂದು ಅಂತರರಾಷ್ಟ್ರೀಯ ಮಾನಕ ಹೇಳುತ್ತದೆ. ಎರಡೂ ಆಲ್ಕೊಹಾಲ್‌ಗಳು, ಎರಡರಲ್ಲೂ ಜೋಡಿಬಂಧಗಳ ಸರಪಳಿಯಿಲ್ಲ. ಆದ್ದರಿಂದ ಒಳ್ಳೆಯ ಎಣ್ಣೆಯ ಅವಕೆಂಪು ರೋಹಿತದಲ್ಲಿ 1740ರ ಸುತ್ತ ದೊಡ್ಡ ಗೆರೆ ಇರಬಾರದು, ನೇರಳಾತೀತದ 275ರ ಬಳಿ ಗಟ್ಟಿ ಹೀರುವಿಕೆ ಇರಬಾರದು. ಹರಳೆಣ್ಣೆ ಬೆರೆಸಿದರೆ ಅದರ ಎಸ್ಟರ್ ಮೊದಲ ಜಾಗದಲ್ಲಿ ಸಿಕ್ಕಿಬೀಳುತ್ತದೆ. ಡೈಈಥೈಲ್ ಥ್ಯಾಲೇಟ್ ಬೆರೆಸಿದರೆ ಎರಡೂ ಕಡೆ ಸಿಕ್ಕಿಬೀಳುತ್ತದೆ. ಮೂಗಿಗೆ ಮೋಸ ಮಾಡಬಹುದಾದ ಮಿಶ್ರಣ ಖಾಲಿ ಇರಬೇಕಾದ ಜಾಗವನ್ನು ಖಾಲಿಯಾಗಿ ಉಳಿಸಿಕೊಳ್ಳಲಾರದು.

ಈಗ ಬೆಲ್ಲದ ಹಳದಿಗೆ ಬರೋಣ. ಹಳದಿ ಬೆಲ್ಲದಿಂದ ಬೇರ್ಪಡಿಸಿದ ಬಣ್ಣದ ದ್ರಾವಣವನ್ನು ಉಪಕರಣದಲ್ಲಿ ಇಟ್ಟಾಗ 425 ನ್ಯಾನೋಮೀಟರ್ ಬಳಿ ಹೀರುವಿಕೆಯ ಶಿಖರ ಬಂತು ಎಂದುಕೊಳ್ಳಿ. ಅದು ಟಾರ್ಟ್ರಜೀನ್ ಇರಬಹುದು. ಕಾನೂನು ಕೆಲವು ತಿನಿಸುಗಳಲ್ಲಿ ಮಿತಿಯೊಳಗೆ ಒಪ್ಪಿರುವ ಬಣ್ಣ ಅದು, ಬೆಲ್ಲದಲ್ಲಿ ಅದಕ್ಕೆ ಜಾಗವಿಲ್ಲ. ಮೆಟಾನಿಲ್ ಹಳದಿ ಇರಬಹುದು. ಯಾವ ಆಹಾರದಲ್ಲೂ ಇರಕೂಡದ ಕೈಗಾರಿಕಾ ಬಣ್ಣ, ಅದರ ಶಿಖರವೂ 430ರ ಆಸುಪಾಸು. ಅಡುಗೆಮನೆಯ ಅರಿಸಿನದ ಕರ್ಕ್ಯುಮಿನ್ ಕೂಡ ಇರಬಹುದು. ಆಲ್ಕೊಹಾಲಿನಲ್ಲಿ ಅದು ಹೀರುವುದೂ 425ರಲ್ಲೇ. ಒಂದು ಮನೆಮದ್ದು, ಒಂದು ಮಿತಿಯೊಳಗಿನ ಬಣ್ಣ, ಒಂದು ನಿಷಿದ್ಧ ರಾಸಾಯನಿಕ. ಮೂರಕ್ಕೂ ಹೆಚ್ಚುಕಡಿಮೆ ಒಂದೇ ಶಿಖರ. ಇಷ್ಟನ್ನೇ ನೋಡಿ ‘ವಿಷ ಸಿಕ್ಕಿತು’ ಎಂದು ಘೋಷಿಸುವವನೂ ‘ಬರೀ ಅರಿಸಿನ’ ಎಂದು ಸಮಾಧಾನ ಹೇಳುವವನೂ ಒಂದೇ ತಪ್ಪು ಮಾಡುತ್ತಾರೆ.

ದಾರಿ ತೆರೆಯುವುದು ಎರಡನೆಯ ಪ್ರಶ್ನೆಯಿಂದ. ದ್ರಾವಣಕ್ಕೆ ಹೈಡ್ರೋಕ್ಲೋರಿಕ್ ಆಮ್ಲದ ಹನಿ ಬಿಟ್ಟರೆ ಮೆಟಾನಿಲ್ ಹಳದಿ ಕೆನ್ನೇರಳೆಗೆ ತಿರುಗುತ್ತದೆ, ಅದರ ಶಿಖರ 500 ದಾಟಿ ಸರಿಯುತ್ತದೆ. ಟಾರ್ಟ್ರಜೀನ್ ಹಾಗೆ ತಿರುಗುವುದಿಲ್ಲ. ಕ್ಷಾರ ಹಾಕಿದರೆ ಕರ್ಕ್ಯುಮಿನ್ ಕೆಂಪಾಗುತ್ತದೆ. ಅರಿಸಿನ ಸುಣ್ಣ ಕೂಡಿದಾಗ ಓಕುಳಿ ಆಗುವುದು ಎಲ್ಲರೂ ಕಂಡದ್ದೇ. ಮೂರನೆಯ ಪ್ರಶ್ನೆ ಅವಕೆಂಪಿನದು. ಟಾರ್ಟ್ರಜೀನಿನಲ್ಲೂ ಕರ್ಕ್ಯುಮಿನಿನಲ್ಲೂ ಕಾರ್ಬೊನಿಲ್ ಇದೆ, ಮೆಟಾನಿಲ್ ಹಳದಿಯ ಅಣುವಿನಲ್ಲಿ ಅದು ಇಲ್ಲವೇ ಇಲ್ಲ. ಕರ್ಕ್ಯುಮಿನ್ ಹರಳು 3510ರ ಬಳಿ ಚೂಪಾದ ಹೈಡ್ರಾಕ್ಸಿಲ್ ಗೆರೆ ಕೊಡುತ್ತದೆ, ಮೆಟಾನಿಲ್ ಹಳದಿಯಲ್ಲಿ ಅದೂ ಇಲ್ಲ. ಒಂದಕ್ಕೊಂದು ಸಂಬಂಧವಿಲ್ಲದ ಮೂರು ಬಗೆಯ ಪ್ರಶ್ನೆಗಳಿಗೆ ಒಂದೇ ಕಡೆ ಬೆರಳು ತೋರುವ ಉತ್ತರ ಬಂದಾಗ ಮಾತ್ರ ಹೆಸರು ಹೇಳುವ ಹಕ್ಕು ಬರುತ್ತದೆ. ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳಿದರೆ ಈ ಬಲ ಬರುವುದಿಲ್ಲ.

ರಸಾಯನಶಾಸ್ತ್ರದ ಚರಿತ್ರೆಯಲ್ಲಿ ಇದಕ್ಕೆ ದೊಡ್ಡ ಆಧಾರವಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆನಿಸಿಲಿನ್ ಅಣುವಿನ ರಚನೆ ಯಾವುದೆಂದು ಎರಡು ಪಕ್ಷಗಳಾಗಿದ್ದವು. ನಾಲ್ಕು ಪರಮಾಣುಗಳ ಬಿಗಿಯಾದ ಬೀಟಾ ಲ್ಯಾಕ್ಟಮ್ ಉಂಗುರ ಇದೆಯೆಂದು ಒಂದು ಪಕ್ಷ, ಅಂಥ ಅಸ್ಥಿರ ಉಂಗುರ ಇರಲಾರದೆಂದು ಇನ್ನೊಂದು. ಸಾಮಾನ್ಯ ಅಮೈಡಿನ ಕಾರ್ಬೊನಿಲ್ 1650ರ ಬಳಿ ಇರಬೇಕಿತ್ತು. ಪೆನಿಸಿಲಿನ್ನಿನದು 1770ರ ಆಸುಪಾಸಿನಲ್ಲಿ ಕಂಡಿತು. ಬಿಗಿದ ಉಂಗುರದ ಲಕ್ಷಣ ಅದು. ಹಾಗಿದ್ದೂ ವಾದ ಪೂರ್ತಿ ಮುಗಿಯಲಿಲ್ಲ. 1945ರಲ್ಲಿ ಡೊರೊಥಿ ಹಾಡ್ಜ್‌ಕಿನ್ ಎಕ್ಸ್ ಕಿರಣಗಳಿಂದ ಹರಳಿನ ರಚನೆ ಬಿಡಿಸಿದಾಗಲೇ ಎಲ್ಲರೂ ಒಪ್ಪಿದ್ದು. ಅಷ್ಟು ಸ್ಪಷ್ಟವಾದ ಗೆರೆಗೂ ಬೇರೊಂದು ದಾರಿಯ ಸಾಕ್ಷಿ ಬೇಕಾಯಿತು.

ಒಂದು ಬೆಳಕಿಗೆ ಕಾಣದ್ದು ಇನ್ನೊಂದಕ್ಕೆ ಕಾಣುವುದೂ ಉಂಟು. ಮೆಟಾನಿಲ್ ಹಳದಿಯಂಥ ಅಜೋ ಬಣ್ಣಗಳಿಗೆ ಬಣ್ಣ ಕೊಡುವುದು ಸಾರಜನಕದ ಎರಡು ಪರಮಾಣುಗಳ ನಡುವಿನ ಜೋಡಿಬಂಧ. ಎರಡೂ ತುದಿ ಹೆಚ್ಚುಕಡಿಮೆ ಸಮವಾಗಿರುವುದರಿಂದ ಆ ಬಂಧ ಹಿಗ್ಗಿ ಕುಗ್ಗಿದರೂ ವಿದ್ಯುತ್ತಿನ ಹಂಚಿಕೆ ಅಷ್ಟಾಗಿ ಬದಲಾಗದು. ಅವಕೆಂಪಿನಲ್ಲಿ ಅದರ ಗೆರೆ ತೀರ ದುರ್ಬಲ. ಅದನ್ನು ಎತ್ತಿ ತೋರಿಸುವುದು 1928ರ ಫೆಬ್ರುವರಿ 28ರಂದು ಸಿ.ವಿ. ರಾಮನ್ ಕಂಡ ಬೆಳಕಿನ ಚದರಿಕೆ. 1933ರಲ್ಲಿ ಬೆಂಗಳೂರಿಗೆ ಬಂದು ಇಲ್ಲೇ ನೆಲೆಸಿದ ರಾಮನ್ನರ ಹೆಸರಿನ ಉಪಕರಣಗಳು ಇಂದು ಕೈಯಲ್ಲಿ ಹಿಡಿಯುವಷ್ಟು ಚಿಕ್ಕದಾಗಿವೆ. ಪ್ರಮಾಣದ ವಿಚಾರದಲ್ಲೂ ಹೀಗೆಯೇ. ಮಿಶ್ರಣದಲ್ಲಿ ಸುಮಾರು ನೂರಕ್ಕೆ ಒಂದು ಪಾಲಾದರೂ ಇದ್ದರೆ ಅವಕೆಂಪು ಸ್ಪಷ್ಟವಾಗಿ ಹಿಡಿಯುತ್ತದೆ. ಗಾಢ ಬಣ್ಣವಾದರೆ ನೇರಳಾತೀತ ಮತ್ತು ಗೋಚರ ಬೆಳಕಿನ ಅಳತೆ ಹತ್ತು ಲಕ್ಷಕ್ಕೆ ಕೆಲವೇ ಪಾಲನ್ನೂ ಹಿಡಿಯಬಲ್ಲದು.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಬರುತ್ತದೆ. ರೋಹಿತದ ಈ ಓದುಗಾರಿಕೆ ಶುದ್ಧ ಸಂಯುಕ್ತಕ್ಕೆ ಸರಿ. ಬೆಲ್ಲ ನೂರಾರು ವಸ್ತುಗಳ ಮಿಶ್ರಣ, ಸಾಲದ್ದಕ್ಕೆ ನೀರೂ ಇದೆ. ಅದರ ರೋಹಿತದಲ್ಲಿ ಸಕ್ಕರೆಯ ಗೆರೆಗಳು ಮಿಕ್ಕೆಲ್ಲವನ್ನೂ ನುಂಗಿಬಿಡುತ್ತವೆ ಎಂಬುದು. ಮಾತು ನಿಜ. ಬೆಲ್ಲದ ಚೂರನ್ನು ಹಾಗೇ ಉಪಕರಣದ ಮೇಲಿಟ್ಟು ಗುಂಡಿ ಒತ್ತಿ ತೀರ್ಪು ಕೇಳುವುದು ವಿಜ್ಞಾನವಲ್ಲ. ಮೊದಲು ಬೇರ್ಪಡಿಸಬೇಕು. ಇದಕ್ಕೆ ಪ್ರಯೋಗಾಲಯಗಳಲ್ಲಿ ಹಳೆಯ, ಸುಂದರವಾದ ಕ್ರಮವಿದೆ. ಬೆಲ್ಲವನ್ನು ನೀರಿನಲ್ಲಿ ಕರಗಿಸಿ, ಸ್ವಲ್ಪ ಆಮ್ಲ ಸೇರಿಸಿ, ಬಿಳಿ ಉಣ್ಣೆಯ ಎಳೆ ಹಾಕಿ ಕುದಿಸುತ್ತಾರೆ. ಆಮ್ಲೀಯ ಕೃತಕ ಬಣ್ಣಗಳು ಉಣ್ಣೆಗೆ ಹತ್ತಿಕೊಳ್ಳುತ್ತವೆ, ಸಕ್ಕರೆ ಹಿಂದೆಯೇ ಉಳಿಯುತ್ತದೆ. ಎಳೆಯನ್ನು ತೊಳೆದು ಅಮೋನಿಯಾದಲ್ಲಿ ಕಾಯಿಸಿದರೆ ಬಣ್ಣ ಬಿಟ್ಟುಕೊಡುತ್ತದೆ. ಆ ದ್ರಾವಣವನ್ನು ವರ್ಣರೇಖನದ ಕಾಗದದ ಮೇಲೆ ಓಡಿಸಿ, ಬೇರೆಬೇರೆಯಾದ ಚುಕ್ಕೆಗಳನ್ನು ಕತ್ತರಿಸಿ ಕರಗಿಸಿಕೊಂಡು, ಆಮೇಲೆ ಒಂದೊಂದರ ರೋಹಿತ ತೆಗೆಯುತ್ತಾರೆ. ದುಬಾರಿ ಯಂತ್ರಕ್ಕಿಂತ ತಾಳ್ಮೆಯ ಕೈಗೆ ಇಲ್ಲಿ ಹೆಚ್ಚು ಕೆಲಸ.

ಎರಡನೆಯ ಆಕ್ಷೇಪ ಇನ್ನೂ ಆಳದ್ದು, ಅದಕ್ಕೆ ನಾನು ಪೂರ್ತಿ ತಲೆಬಾಗುತ್ತೇನೆ. ಬೆಲ್ಲದ ಪೇಟೆಯ ಎರಡು ದೊಡ್ಡ ರೋಗಗಳನ್ನು ಈ ಬೆಳಕುಗಳು ಹಿಡಿಯಲಾರವು. ಮೊದಲನೆಯದು ಹೈಡ್ರೋಸ್, ಅಂದರೆ ಸೋಡಿಯಂ ಹೈಡ್ರೋಸಲ್ಫೈಟ್. ಅದು ಸಾವಯವ ಸಂಯುಕ್ತವೇ ಅಲ್ಲ. ಹೊಸ ದ್ರಾವಣದಲ್ಲಿ 315 ನ್ಯಾನೋಮೀಟರ್ ಬಳಿ ಬೆಳಕು ಹೀರುವುದೇನೋ ನಿಜ, ಆದರೆ ಗಾಳಿ ತಗುಲಿದರೆ ಬೇಗನೆ ಒಡೆದು ಸಲ್ಫೈಟ್, ಸಲ್ಫೇಟ್ ಆಗಿಬಿಡುತ್ತದೆ. ಬೆಲ್ಲ ಅಚ್ಚಿಗೆ ಬರುವ ಹೊತ್ತಿಗೆ ಮೂಲ ವಸ್ತು ಉಳಿದಿರುವುದಿಲ್ಲ. ಅದರ ಅವಶೇಷಗಳ ಅವಕೆಂಪು ಗೆರೆಗಳು ಬೀಳುವುದು ಸುಕ್ರೋಸಿನ ಗೆರೆಗಳು ಕಿಕ್ಕಿರಿದ ಜಾಗದಲ್ಲೇ. ಅದನ್ನು ಹಿಡಿಯಲು ಆಮ್ಲ ಹಾಕಿ ಕುದಿಸಿ, ಹೊರಬರುವ ಗಂಧಕದ ಡೈಆಕ್ಸೈಡನ್ನು ಅಳೆಯುವ ರಾಸಾಯನಿಕ ವಿಧಾನವೇ ಬೇಕು. ಹೈಡ್ರೋಸ್ ಕೊಡುವ ಬಿಳುಪು ಬಾಳುವುದೂ ಇಲ್ಲ. ದಾಸ್ತಾನಿನಲ್ಲಿ ಗಾಳಿಯಾಡಿದಂತೆ ಬೆಲ್ಲ ಮತ್ತೆ ಕಪ್ಪಾಗುತ್ತದೆ. ಹರಾಜಿನ ದಿನದ ಮಟ್ಟಿಗೆ ಕಣ್ಣನ್ನು ಮರುಳು ಮಾಡಲು ಕೊಪ್ಪರಿಗೆಗೆ ರಾಸಾಯನಿಕ ಸುರಿದಂತಾಯಿತು.

ಎರಡನೆಯ ರೋಗ ಸಕ್ಕರೆ ಬೆರಕೆ. ಕಾರ್ಖಾನೆಯ ಸಕ್ಕರೆಯನ್ನು ಕೊಪ್ಪರಿಗೆಗೆ ಸುರಿದು ಬೆಲ್ಲವೆಂದು ಅಚ್ಚು ಹೊಯ್ದರೆ ಯಾವ ರೋಹಿತ ಏನು ಹೇಳೀತು? ಕಬ್ಬಿನ ಹಾಲಿನ ಸುಕ್ರೋಸ್, ಚೀಲದ ಸಕ್ಕರೆಯ ಸುಕ್ರೋಸ್ ಎರಡೂ ಒಂದೇ ಅಣು. ಗೆರೆ ಗೆರೆಯೂ ಒಂದೇ. ವಸ್ತು ಯಾವುದೆಂದು ಬೆಳಕು ಹೇಳುತ್ತದೆ, ಎಲ್ಲಿಂದ ಬಂತೆಂದು ಹೇಳುವುದಿಲ್ಲ. ಗಿಡದ ನೀಲಿಯೂ 1897ರಿಂದ ಕಾರ್ಖಾನೆಯಲ್ಲಿ ತಯಾರಾಗಿ ಮಾರಾಟಕ್ಕೆ ಬಂದ ನೀಲಿಯೂ ರೋಹಿತಕ್ಕೆ ಒಂದೇ ಆಗಿರುವುದು ಇದೇ ಕಾರಣಕ್ಕೆ. ಇದಕ್ಕಿಂತ ಕಳವಳದ ಸಂಗತಿ ನಿಯಮದಲ್ಲೇ ಇದೆ. ಬೆಲ್ಲದಲ್ಲಿ ಒಟ್ಟು ಸಕ್ಕರೆ ಶೇ 90ಕ್ಕೆ, ಸುಕ್ರೋಸ್ ಶೇ 60ಕ್ಕೆ ಕಡಿಮೆ ಇರಬಾರದು ಎನ್ನುತ್ತದೆ ಆಹಾರ ಮಾನಕ. ಸಕ್ಕರೆ ಸುರಿದ ಬೆಲ್ಲ ಈ ಪರೀಕ್ಷೆಯಲ್ಲಿ ಅಪ್ಪಟ ಬೆಲ್ಲಕ್ಕಿಂತ ಸುಲಭವಾಗಿ ತೇರ್ಗಡೆಯಾಗುತ್ತದೆ! ಕನಿಷ್ಠ ಮಿತಿಯೊಂದನ್ನೇ ಕಾಯುವ ಕಾನೂನು ಬೆರಕೆಯನ್ನು ತಡೆಯುವ ಬದಲು ಬೆನ್ನು ತಟ್ಟುತ್ತಿದೆ.

ಹಾಗೆಂದು ಇಲ್ಲಿ ಬೆಳಕು ಪೂರ್ತಿ ನಿರುಪಯೋಗಿಯಲ್ಲ. ಶುದ್ಧೀಕರಿಸಿದ ಸಕ್ಕರೆಯಲ್ಲಿ ಕಬ್ಬಿನ ಫೀನಾಲಿಕ್‌ಗಳು ಬಹುತೇಕ ಇರುವುದಿಲ್ಲ. ಸಕ್ಕರೆ ಬೆರೆತಷ್ಟೂ ಒಂದು ಗ್ರಾಂ ಬೆಲ್ಲಕ್ಕೆ 280 ಮತ್ತು 325ರ ಬಳಿ ಸಿಗುವ ಹೀರುವಿಕೆ ತೆಳುವಾಗುತ್ತದೆ, ಖನಿಜದ ಬೂದಿಯೂ ಕಡಿಮೆಯಾಗುತ್ತದೆ. ಎರಡೂ ಒಟ್ಟಿಗೆ ಕುಸಿದಿದ್ದರೆ ಅನುಮಾನಕ್ಕೆ ಆಧಾರ ಸಿಕ್ಕಿತು. ತಳಿ, ಮಣ್ಣು, ಹಂಗಾಮು, ಮಡ್ಡಿ ತೆಗೆದ ರೀತಿ ಎಲ್ಲಕ್ಕೂ ಈ ಅಂಕಿಗಳು ಅಲುಗಾಡುವುದರಿಂದ ಇದನ್ನು ಅನುಮಾನವೆಂದೇ ಕರೆಯಬೇಕು, ಸಾಬೀತು ಎನ್ನಬಾರದು. ಕೊಪ್ಪರಿಗೆ ಅತಿಯಾಗಿ ಕಾದದ್ದನ್ನು ಮಾತ್ರ ನೇರಳಾತೀತ ಚೆನ್ನಾಗಿ ಹೇಳುತ್ತದೆ: ಸಕ್ಕರೆ ಬೆಂದು ಹುಟ್ಟುವ ಹೈಡ್ರಾಕ್ಸಿಮಿಥೈಲ್ ಫರ್ಫ್ಯುರಾಲ್ 284ರಲ್ಲಿ ಹೀರುತ್ತದೆ. ಜೇನಿನ ಪರೀಕ್ಷೆಯಲ್ಲಿ ಇದನ್ನು ಅಳೆಯುವ ಕ್ರಮ ಮೆಚ್ಚತಕ್ಕದ್ದು. ಒಂದೇ ಮಾದರಿಯ ಎರಡು ಪಾಲು ತೆಗೆದು, ಒಂದಕ್ಕೆ ಆ ವಸ್ತುವಿನ ಹೀರುವಿಕೆಯನ್ನಷ್ಟೇ ಅಳಿಸುವ ಬೈಸಲ್ಫೈಟ್ ಹಾಕಿ, ಎರಡರ ವ್ಯತ್ಯಾಸ ನೋಡುತ್ತಾರೆ. ‘ಇಲ್ಲ’ವನ್ನು ಬೇಕೆಂದೇ ಸೃಷ್ಟಿಸಿ ‘ಇದೆ’ಯನ್ನು ಅಳೆಯುವ ಜಾಣ್ಮೆ ಇದು.

ಇಷ್ಟೆಲ್ಲ ಮಿತಿ ಇರುವಾಗ ದ್ರವವರ್ಣರೇಖನ, ದ್ರವ್ಯರಾಶಿ ರೋಹಿತ, ಕಾಂತೀಯ ಅನುರಣನದಂಥ ಹೆಚ್ಚು ಸಮರ್ಥ ವಿಧಾನಗಳಿಗೇ ಹೋಗಬಾರದೇಕೆ ಎಂದು ಕೇಳಬಹುದು. ಕೊನೆಯ ತೀರ್ಪಿಗೆ ಹೋಗಲೇಬೇಕು. ಆದರೆ ಸಾವಿರಾರು ಮಾದರಿಗಳನ್ನು ಆ ಯಂತ್ರಗಳ ಬಾಗಿಲಲ್ಲಿ ಸಾಲಾಗಿ ನಿಲ್ಲಿಸಲು ಹಣವೂ ಇಲ್ಲ, ಸಮಯವೂ ಇಲ್ಲ. ಯಾವುದನ್ನು ಮುಂದಕ್ಕೆ ಕಳಿಸಬೇಕು, ಯಾವುದನ್ನು ಬೇಡ ಎಂದು ಆರಿಸಿಕೊಡುವ ಕೆಲಸಕ್ಕೆ ಹೊರಗಿಡುವ ಸಾಕ್ಷಿಗಿಂತ ಅಗ್ಗದ್ದು ಬೇರೆ ಇಲ್ಲ. ಅಂಥ ಆಯ್ಕೆ ಎಷ್ಟು ಅಗತ್ಯವೆಂದು ರಾಜ್ಯಕ್ಕೆ 2024ರಲ್ಲೇ ಗೊತ್ತಾಯಿತು. ಆ ವರ್ಷದ ಮಾರ್ಚ್ 11ರಂದು ಕರ್ನಾಟಕ ಸರ್ಕಾರ ರೋಡಮೈನ್ ಬಿ ಎಂಬ ಕೃತಕ ಬಣ್ಣದ ಬಳಕೆಯ ವಿರುದ್ಧ ಆದೇಶ ಹೊರಡಿಸಿದಾಗ ಮುಂದಿಟ್ಟ ಲೆಕ್ಕ ಇದು: 171 ಗೋಬಿ ಮಂಚೂರಿ ಮಾದರಿಗಳಲ್ಲಿ 107, 25 ಬೊಂಬಾಯಿ ಮಿಠಾಯಿ ಮಾದರಿಗಳಲ್ಲಿ 15 ಅಸುರಕ್ಷಿತ ಬಣ್ಣದಿಂದ ಕೂಡಿದ್ದವು. ಅರ್ಧಕ್ಕಿಂತ ಹೆಚ್ಚು. ಬೀದಿಯ ತಿನಿಸಿನಲ್ಲಿ ಇದು ನಡೆದಿದ್ದರೆ ಹಬ್ಬ ಹರಿದಿನಕ್ಕೆ, ಬಾಣಂತಿಗೆ, ಮಗುವಿಗೆ ಕೊಡುವ ಬೆಲ್ಲವನ್ನು ಪರೀಕ್ಷೆಯಿಲ್ಲದೆ ನಂಬಿ ಕೂರುವುದು ಹೇಗೆ?

ಉಪಕರಣ ಎಲ್ಲಿಂದ ತರುವುದು ಎಂಬ ಮಾತಿಗೂ ಈ ಸೀಮೆಯ ಸುತ್ತಮುತ್ತಲೇ ಉತ್ತರವಿದೆ. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ ಆದಿಚುಂಚನಗಿರಿ ವಿಶ್ವವಿದ್ಯಾಲಯ, ಅದರ ಫಾರ್ಮಸಿ ಕಾಲೇಜು ಇವೆ. ದೇಶದ ಎಲ್ಲ ಬಿ.ಫಾರ್ಮ್ ವಿದ್ಯಾರ್ಥಿಗಳೂ ಏಳನೆಯ ಸೆಮಿಸ್ಟರಿನಲ್ಲಿ ಉಪಕರಣ ವಿಶ್ಲೇಷಣೆಯನ್ನು ಕಲಿಯಬೇಕು; ನೇರಳಾತೀತ, ಅವಕೆಂಪು ಎರಡೂ ಆ ಪಠ್ಯದಲ್ಲಿವೆ. ಮಂಡ್ಯದ ವಿ.ಸಿ. ಫಾರ್ಮ್ ಕಬ್ಬು ಮತ್ತು ಬೆಲ್ಲದ ಸಂಶೋಧನೆಯ ಹಳೆಯ ನೆಲೆ. ಆಹಾರ ಸಂಶೋಧನೆಯ ರಾಷ್ಟ್ರೀಯ ಸಂಸ್ಥೆಯಾದ ಸಿಎಫ್‌ಟಿಆರ್‌ಐ 1950ರಿಂದ ಮೈಸೂರಿನಲ್ಲಿದೆ, ಗಂಜಾಂನಿಂದ ಬಸ್ಸಿನಲ್ಲಿ ಒಂದು ತಾಸಿನೊಳಗಿನ ದಾರಿ. ವಿದ್ಯಾರ್ಥಿಗಳು ಪ್ರತಿ ವರ್ಷ ಪುಸ್ತಕದಲ್ಲಿರುವ ಮಾದರಿಗಳ ಮೇಲೆ ಅದೇ ಪ್ರಯೋಗ ಮಾಡುವ ಬದಲು, ಹಂಗಾಮಿನಲ್ಲಿ ಸುತ್ತಲಿನ ಆಲೆಮನೆಗಳ ಬೆಲ್ಲದ ಮೇಲೆ ಮಾಡಲಿ. ಕೆಲವು ವರ್ಷಗಳಲ್ಲಿ ಇಲ್ಲಿನ ಅಪ್ಪಟ ಬೆಲ್ಲದ ರೋಹಿತ ಯಾವ ಮಿತಿಗಳ ನಡುವೆ ಇರುತ್ತದೆ ಎಂಬ ದಾಖಲೆ ಕೂಡಿಕೊಳ್ಳುತ್ತದೆ. ಹೋಲಿಸಲು ಅಂಥ ದಾಖಲೆ ಇಲ್ಲದಿದ್ದರೆ ಎಷ್ಟು ಒಳ್ಳೆಯ ಯಂತ್ರವಿದ್ದರೂ ಅದು ಕೊಡುವ ಗೆರೆಗೆ ಅರ್ಥವಿಲ್ಲ.

ಬಡ ಆಲೆಮನೆಯವನ ಮೇಲೆ ಇನ್ನೊಂದು ಪೊಲೀಸುಗಾರಿಕೆ ಹೇರಿದಂತಾಗುವುದಿಲ್ಲವೇ ಎಂಬ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಬಣ್ಣಕ್ಕೆ ಹೆಚ್ಚು ಬೆಲೆ ಕೊಡುತ್ತಿರುವುದು ಪೇಟೆ. ಶಿಕ್ಷೆ ಮಾತ್ರ ಕೊಪ್ಪರಿಗೆಯ ಬಳಿ ನಿಂತವನಿಗೆ ಎಂದರೆ ಅನ್ಯಾಯ. ಆದ್ದರಿಂದಲೇ ಪರೀಕ್ಷೆ ಮೊದಲು ಬೆಲೆಯ ರೂಪದಲ್ಲಿ ಬರಬೇಕು, ದಂಡ ಆಮೇಲೆ. ಕೃತಕ ಬಣ್ಣ ಇಲ್ಲ, ಗಂಧಕದ ಶೇಷ ಮಿತಿಯೊಳಗಿದೆ, ಫೀನಾಲಿಕ್ ಅಂಶ ಇಷ್ಟಿದೆ ಎಂಬ ಚೀಟಿ ಹೊತ್ತ ಕಂದು ಬೆಲ್ಲಕ್ಕೆ ಎಪಿಎಂಸಿ ಪ್ರತ್ಯೇಕ ಹರಾಜು ಕರೆಯಲಿ. ಆ ಬೆಲ್ಲ ಹೆಚ್ಚಿನ ದರಕ್ಕೆ ಹೋದ ದಿನ ಹೈಡ್ರೋಸ್ ತಾನಾಗಿ ಕೊಪ್ಪರಿಗೆಯಿಂದ ದೂರವಾಗುತ್ತದೆ. ಕಾಲೇಜಿನ ಪ್ರಯೋಗಾಲಯದ ಫಲಿತಾಂಶ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ, ನಿಲ್ಲಲೂಬಾರದು. ಆ ಕೆಲಸಕ್ಕೆ 2006ರ ಆಹಾರ ಸುರಕ್ಷತೆ ಕಾಯ್ದೆ ಆಹಾರ ವಿಶ್ಲೇಷಕರನ್ನು ನೇಮಿಸಿದೆ, ಮಾದರಿ ತಲುಪಿದ 14 ದಿನಗಳೊಳಗೆ ಅವರು ವರದಿ ಕೊಡಬೇಕು.

ಆ ಕಾಯ್ದೆಯ 40ನೆಯ ಕಲಮನ್ನು ಓದುಗರು ಗಮನಕ್ಕೆ ತಂದುಕೊಳ್ಳಬೇಕು. ಅಂಗಡಿಯಲ್ಲಿ ಬೆಲ್ಲ ಕೊಂಡ ಯಾರೇ ಆಗಲಿ, ಮಾರಿದವನಿಗೆ ಅಲ್ಲೇ ತಿಳಿಸಿ, ಶುಲ್ಕ ಕಟ್ಟಿ ಅದನ್ನು ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ನಿಯಮ ಮೀರಿದ್ದು ಕಂಡುಬಂದರೆ ಕಟ್ಟಿದ ಶುಲ್ಕ ವಾಪಸು ಬರುತ್ತದೆ. ವರದಿ ಕೈಗೆ ಬಂದಾಗ ಒಂದು ಪ್ರಶ್ನೆ ಕೇಳಿ: ಈ ತೀರ್ಮಾನಕ್ಕೆ ಎಷ್ಟು ಬೇರೆಬೇರೆ ಪರೀಕ್ಷೆಗಳು ಆಧಾರ? ಒಂದೇ ಶಿಖರದ ಮೇಲೆ ನಿಂತ ತೀರ್ಮಾನವಾದರೆ, ಅದು ನಿಮ್ಮ ಪರವಾಗಿದ್ದರೂ ಒಪ್ಪಬೇಡಿ, ಇನ್ನೊಂದು ವಿಧಾನದಲ್ಲಿ ನೋಡಿ ಎಂದು ಒತ್ತಾಯಿಸಿ. ಮುಂದಿನ ಸಲ ಬೆಲ್ಲ ಕೊಳ್ಳುವಾಗ ಕಂದು ಅಚ್ಚನ್ನೇ ಕೇಳಿ ಪಡೆಯಿರಿ.